ಲಿಫ್ಟಿನೆದುರಿನ ಐದು ಅಡಿ

ಕಟ್ಟಡದ ನಕ್ಷೆಯ ಬಲಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ. ತಯಾರಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು ಎಂದು ಅದರಲ್ಲಿ ಮೂರು ಸಾಲು. ಆ ಹೆರಿಗೆ ಆಸ್ಪತ್ರೆಯ ನಕ್ಷೆಯಲ್ಲಿ ‘ಪರಿಶೀಲಿಸಿದವರು’ ಎಂಬುದರ ಮುಂದೆ ಇದ್ದದ್ದು ನನ್ನ ಸಹಿ. ಹಾಕಿದ ದಿನ ಅದೇನೂ ನೆನಪಿನಲ್ಲಿ ಉಳಿಯುವಂಥ ಸಹಿಯಾಗಿರಲಿಲ್ಲ. ಅವತ್ತು ಊಟಕ್ಕೆ ಏಳುವ ಮೊದಲು ಹನ್ನೊಂದು ಹಾಳೆಗಳಿಗೆ ಸಹಿ ಹಾಕಿದ್ದೆ. ಇದು ಅವುಗಳಲ್ಲಿ ನಾಲ್ಕನೆಯದೋ ಐದನೆಯದೋ.

ನಗರದ ಸಾರ್ವಜನಿಕ ಕಟ್ಟಡಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ ನಾನು ಎಂಜಿನಿಯರು. ಕಚೇರಿ ಜಯನಗರದಲ್ಲಿ, ಮನೆ ಪದ್ಮನಾಭನಗರದಲ್ಲಿ. ನಾನು ಹೇಳುತ್ತಿರುವ ಆಸ್ಪತ್ರೆ ಬಿಟಿಎಂ ಬಡಾವಣೆಯ ಅಂಚಿನ ಒಂದು ಒಳರಸ್ತೆಯಲ್ಲಿತ್ತು; ಹೆಸರು ಬೇಡ. ಒಂದೇ ಅಂತಸ್ತು, ಹನ್ನೆರಡು ಮಂಚ. ಸುದ್ದಗುಂಟೆಪಾಳ್ಯದಿಂದ, ಹುಳಿಮಾವಿನಿಂದ, ಬಿಟಿಎಂನ ಬಾಡಿಗೆ ಕೋಣೆಗಳಿಂದ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಕಲಬುರಗಿ, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದು ನೆಲೆಸಿದ ಮನೆಗಳ ಹುಡುಗಿಯರೇ ಹೆಚ್ಚು. ಕಟ್ಟಡದ ಸೂರಿನಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿತ್ತು. ಎರಡು ಮಂಚಗಳ ಮೇಲಿನ ಗಾರೆ ಉದುರಿದ್ದರಿಂದ ಆ ಮಂಚಗಳನ್ನು ಗೋಡೆಯ ಪಕ್ಕಕ್ಕೆ ಸರಿಸಿಟ್ಟಿದ್ದರು. ಅದನ್ನು ಕೆಡವಿ, ಅದೇ ಜಾಗದಲ್ಲಿ ನೆಲಮಹಡಿಯ ಮೇಲೆ ಮೂರು ಅಂತಸ್ತು ಎಬ್ಬಿಸಿ, ಮೂವತ್ತು ಹಾಸಿಗೆಯ ಆಸ್ಪತ್ರೆ ಮಾಡುವುದು ಯೋಜನೆ.

ಜಾಗ ಕಿರಿದು. ಅರವತ್ತು ಅಡಿಗೆ ತೊಂಬತ್ತು ಅಡಿ. ಸುತ್ತ ಬಿಡಬೇಕಾದ್ದನ್ನು ಬಿಟ್ಟರೆ ಉಳಿಯುವುದು ಇನ್ನೂ ಕಡಿಮೆ. ಅದರಲ್ಲೇ ಹೊರರೋಗಿ ವಿಭಾಗ, ಔಷಧಿ ಕೋಣೆ, ಹೆರಿಗೆ ಕೋಣೆ, ಆಪರೇಷನ್ ಥಿಯೇಟರ್, ವಾರ್ಡುಗಳು. ಇದೆಲ್ಲ ಕೂಡಿಸಿಕೊಂಡು ಮೊದಲ ಕರಡು ಮುಗಿಯುವ ಹೊತ್ತಿಗೆ ಜನಪ್ರತಿನಿಧಿಯ ಕಚೇರಿಯಿಂದ ಒಂದು ಪತ್ರ ಬಂತು: ಕಟ್ಟಡದಲ್ಲಿ ಸಾರ್ವಜನಿಕರಿಗೆ ಒಂದು ಸಭಾಂಗಣವೂ ಇರಲಿ ಎಂದು. ಕೆಟ್ಟ ಆಸೆಯೇನಲ್ಲ. ಲಸಿಕೆ ಶಿಬಿರಕ್ಕೂ ಸಭೆಗೂ ಜಾಗವಾಗುತ್ತದೆ. ನಮ್ಮ ಕೆಲಸಕ್ಕೆ ನೇಮಿಸಿದ್ದ ಆರ್ಕಿಟೆಕ್ಟ್ ಮೂವತ್ತು ದಾಟದ ಯುವಕ, ಚುರುಕು. ಸಭಾಂಗಣವನ್ನು ಮೊದಲ ಮಹಡಿಯಲ್ಲಿ ಹೆರಿಗೆ ಕೋಣೆಯ ಪಕ್ಕಕ್ಕೆ ಹಾಕಿದ. ಥಿಯೇಟರ್ ಎರಡನೇ ಮಹಡಿಗೆ ಹೋಯಿತು. ಸಭಾಂಗಣದ ನಡುವೆ ಕಂಬ ಬರಬಾರದೆಂದು ಕಾಲಂಗಳು ಓಣಿಯ ಕಡೆಗೆ ಸರಿದವು. ಎಲ್ಲವೂ ನನ್ನ ಮೇಜಿನ ಮೇಲೆಯೇ ಆಯಿತು. ನಾನು ನೋಡಿದೆ. ಓಣಿ ಎಂಟು ಅಡಿ ಇದೆಯೇ? ಇದೆ. ಕಿಟಕಿಯ ವಿಸ್ತೀರ್ಣ? ಸರಿ. ಮೆಟ್ಟಿಲಿನ ಅಗಲ? ಸರಿ. ಸಹಿ.

ತಾಂತ್ರಿಕ ಮಂಜೂರಾತಿ ಬಂತು. ಟೆಂಡರ್ ಕಾಗದಗಳು ಸಿದ್ಧವಾದವು. ಮಾರ್ಚ್ ಮುಗಿಯುವ ಮೊದಲು ಕೆಲಸ ಶುರುವಾಗಬೇಕೆಂದು ಗುದ್ದಲಿ ಪೂಜೆಗೆ ದಿನವನ್ನೂ ಗೊತ್ತು ಮಾಡಿದರು. ಅದಕ್ಕೆ ಇನ್ನು ಮೂರು ವಾರ ಇರುವಾಗ ನಾನು ಆಸ್ಪತ್ರೆಗೆ ಹೋದೆ. ಕಟ್ಟಡ ಏಳುವವರೆಗೆ ಆಸ್ಪತ್ರೆಯನ್ನು ಬಾಡಿಗೆ ಕಟ್ಟಡವೊಂದಕ್ಕೆ ಸಾಗಿಸುವುದಕ್ಕೆ ವೈದ್ಯಾಧಿಕಾರಿಯ ಒಪ್ಪಿಗೆ ಸಹಿ ಬೇಕಿತ್ತು, ಅಷ್ಟೇ.

ಡಾಕ್ಟರು ರೋಗಿಯನ್ನು ನೋಡುತ್ತಿದ್ದರು. ಕಾಯುತ್ತಾ ವಾರ್ಡಿನ ಬಾಗಿಲಲ್ಲಿ ನಿಂತಿದ್ದಾಗ ಹಿರಿಯ ಸಿಸ್ಟರ್ ಹತ್ತಿರ ಬಂದರು. ಐವತ್ತೆಂಟರ ಸುಮಾರು, ಗಟ್ಟಿ ಆಳು, ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

“ಮೇಡಂ, ಹೊಸ ಬಿಲ್ಡಿಂಗ್ ನಕ್ಷೆ ತಂದಿದೀರಾ? ಒಂಚೂರು ತೋರಿಸ್ತೀರಾ?”

ಖಾಲಿ ಮಂಚವೊಂದರ ಮೇಲೆ ಹಾಳೆಗಳನ್ನು ಹರಡಿದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು.

“ಲೇಬರ್ ರೂಮ್ ಯಾವ್ದು?”

“ಇದು. ಫಸ್ಟ್ ಫ್ಲೋರು.”

“ಥಿಯೇಟರ್?”

“ಅದು ಸೆಕೆಂಡ್ ಫ್ಲೋರಲ್ಲಿ. ಇನ್ನೊಂದು ಹಾಳೇಲಿದೆ ನೋಡಿ.”

ಎರಡೂ ಹಾಳೆಗಳನ್ನು ಅವರು ಒಂದರ ಪಕ್ಕ ಒಂದು ಇಟ್ಟುಕೊಂಡರು. “ಹಂಗಾದ್ರೆ ಸಿಸೇರಿಯನ್ ಮಾಡ್ಬೇಕು ಅಂತಾದ್ರೆ ಲಿಫ್ಟಲ್ಲಿ ಮೇಲಕ್ಕೆ ಹೋಗ್ಬೇಕು.”

“ಹೌದು ಸಿಸ್ಟರ್. ದೊಡ್ಡ ಲಿಫ್ಟೇ ಹಾಕ್ತಿದೀವಿ.”

“ಲಿಫ್ಟಿಂದ ಆಚೆ ಬಂದ್ಮೇಲೆ ನಮ್ ಟ್ರಾಲಿ ಎಲ್ಲಿ ತಿರುಗತ್ತೆ?”

“ಎಂಟು ಅಡಿ ಕಾರಿಡಾರ್ ಇದೆ. ರೂಲ್ ಪ್ರಕಾರಾನೇ ಇದೆ.”

ಅವರು ಲಿಫ್ಟಿನೆದುರು ಇದ್ದ ಒಂದು ಕಪ್ಪು ಚೌಕದ ಮೇಲೆ ಬೆರಳಿಟ್ಟರು. “ಇದೇನು?”

“ಕಾಲಂ.”

“ಇದರ ಪಕ್ಕ ಈ ಗೀಟುಗೀಟು?”

“ಪೈಪುಗಳು ಹೋಗೋ ಡಕ್ಟ್. ಮೇಲಿನ ಟಾಯ್ಲೆಟ್‌ಗಳದ್ದು.”

ಸಿಸ್ಟರ್ ಬೆರಳನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟಿದ್ದು ತೆಗೆದರು. “ನಂಗೆ ನಕ್ಷೆ ಓದೋಕೆ ಬರಲ್ಲ ಮೇಡಂ. ಸುಮ್ನೆ ಕೇಳ್ದೆ” ಎಂದು ಹೇಳಿ, ಯಾರೋ ಕೂಗಿದ್ದಕ್ಕೆ ಹೊರಟುಹೋದರು.

ಡಾಕ್ಟರ ಸಹಿ ಪಡೆದು ಸ್ಕೂಟರಿನಲ್ಲಿ ವಾಪಸು ಬರುವಾಗ, ಸಿಗ್ನಲ್ಲಿನಲ್ಲಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಓಣಿ ಎಂಟು ಅಡಿ. ಕಾಲಂ ಚಾಚಿಕೊಂಡಿರುವುದು ಒಂದೂವರೆ ಅಡಿ. ಅದಕ್ಕೆ ಅಂಟಿಕೊಂಡು ಡಕ್ಟ್ ಇನ್ನೂ ಒಂದೂವರೆ ಅಡಿ ಮುಂದಕ್ಕೆ. ಉಳಿದದ್ದು ಐದು. ಹಿಂದಿನವರು ಹಾರ್ನ್ ಹೊಡೆದಾಗಲೇ ಹಸಿರು ದೀಪ ಬಂದದ್ದು ಗೊತ್ತಾಯಿತು.

ಮರುದಿನ ಕಚೇರಿಗೆ ಹೋಗುವ ಮೊದಲೇ ಅಳತೆಪಟ್ಟಿ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಟ್ರಾಲಿ ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲ. ಲಿಫ್ಟಿನ ಬಾಗಿಲು ಮೂರೂವರೆ ಅಡಿ. ಅಷ್ಟನ್ನು ಆರ್ಕಿಟೆಕ್ಟ್‌ಗೆ ಫೋನಿನಲ್ಲಿ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ಒಂದು ಆಯತ ಮಾಡಿ ತಿರುಗಿಸಿ ನೋಡಿದ. ಅರ್ಧ ಗಂಟೆಯಲ್ಲಿ ಅವನ ಫೋನು ಬಂತು.

“ತಿರುಗತ್ತೆ ಮೇಡಂ. ಎರಡು ಇಂಚು ಉಳಿಯತ್ತೆ.”

“ತಳ್ಳೋರ ಕೈ? ಡ್ರಿಪ್ ಸ್ಟ್ಯಾಂಡು? ಪಕ್ಕದಲ್ಲಿ ಓಡೋ ನರ್ಸು?”

ಅವನು ನಿಧಾನವಾಗಿ, “ಅದನ್ನ ನಾನು ಹಾಕಿಲ್ಲ ಮೇಡಂ” ಎಂದ.

ಕಾಗದದ ಮೇಲೆ ಇನ್ನೆಷ್ಟು ಸಲ ತಿರುಗಿಸಿದರೂ ನನ್ನ ಎದೆಯೊಳಗಿನ ಅಳುಕು ಹೋಗುವುದಿಲ್ಲವೆಂದು ಗೊತ್ತಾಯಿತು. ಆ ಭಾನುವಾರ ಬೆಳಿಗ್ಗೆ, ಆಸ್ಪತ್ರೆಗೆ ಹತ್ತಿರದ ಸರ್ಕಾರಿ ಶಾಲೆಯ ಮೈದಾನದಲ್ಲಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಲಿಫ್ಟಿನೆದುರಿನ ಜಾಗವನ್ನು ನಿಜವಾದ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಗೀಚಿದೆವು. ಆರ್ಕಿಟೆಕ್ಟ್ ತಾನೇ ಬಂದಿದ್ದ. ಪ್ಯಾಂಟು ಮಡಚಿಕೊಂಡು ದಾರ ಹಿಡಿದ. ಗೋಡೆಗೆ ಶಾಲೆಯ ಬೆಂಚುಗಳನ್ನು ಸಾಲಾಗಿ ಇಟ್ಟೆವು. ಕಾಲಂ ಇರುವಲ್ಲಿ ಒಂದು ಡೆಸ್ಕು, ಡಕ್ಟ್ ಇರುವಲ್ಲಿ ನೀರಿನ ಡ್ರಮ್ಮು. ಸಿಸ್ಟರ್ ಇನ್ನೊಬ್ಬ ನರ್ಸನ್ನೂ ಒಬ್ಬ ಆಯಾಳನ್ನೂ ಕರೆದುಕೊಂಡು, ಹಳೆಯ ಟ್ರಾಲಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದರು.

“ಯಾರು ಮಲಗೋದು?” ಎಂದು ಆರ್ಕಿಟೆಕ್ಟ್ ಕೇಳಿದ.

ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮೇಡಂ ಮಲಗ್ಲಿ. ಒಂಬತ್ತು ತಿಂಗಳವರು ಇಷ್ಟೇ ತೂಕ ಇರ್ತಾರೆ.”

ಎಲ್ಲರೂ ನಕ್ಕರು. ನಾನೂ ನಗುತ್ತಲೇ ಮಲಗಿದೆ. ಮಲಗಿದ ಮೇಲೆ ನಗು ಬರಲಿಲ್ಲ. ಆಕಾಶವೊಂದೇ ಕಾಣುತ್ತಿತ್ತು, ಯಾವ ಕಡೆ ಹೋಗುತ್ತಿದ್ದೇನೆಂದು ಗೊತ್ತಾಗುತ್ತಿರಲಿಲ್ಲ. ತಲೆಯ ಹತ್ತಿರ ಸಿಸ್ಟರ್, ಕಾಲ ಹತ್ತಿರ ಆಯಾ, ಪಕ್ಕದಲ್ಲಿ ಸ್ಟ್ಯಾಂಡ್ ಹಿಡಿದ ನರ್ಸು. ಮೊದಲ ಸಲ ಬೆಂಚೊಂದು ಉರುಳಿತು. ಎರಡನೆಯ ಸಲ ಡ್ರಿಪ್ ಸ್ಟ್ಯಾಂಡು ಡೆಸ್ಕಿಗೆ ಸಿಕ್ಕಿಕೊಂಡಿತು. ಮೂರನೆಯ ಸಲ ನರ್ಸು ಬಾಟಲಿಯನ್ನು ಕೈಯಲ್ಲೇ ಎತ್ತಿ ಹಿಡಿದು ಹಿಂದೆ ಸರಿದಳು. ಆದರೂ ಮುಂದಿನ ಚಕ್ರ ಡ್ರಮ್ಮಿಗೆ ಒತ್ತಿ, ಹಿಂದಿನ ಭಾಗ ‘ಲಿಫ್ಟಿನ ಬಾಗಿಲಿಗೆ’ ಒತ್ತಿ, ಟ್ರಾಲಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತಿತು.

“ಈಗ ಎತ್ತೋದು” ಎಂದರು ಸಿಸ್ಟರ್. ತಲೆಯ ಕಡೆಯನ್ನು ಇಬ್ಬರು ಎತ್ತಿ ಪಕ್ಕಕ್ಕೆ ಇಟ್ಟರು. ನಾನು ಇಳಿಜಾರಿನಲ್ಲಿ ಜಾರಿದಂತೆ ಕಾಲ ಕಡೆಗೆ ಜಾರಿದೆ. ಎರಡೂ ಕೈಯಿಂದ ಕಂಬಿ ಹಿಡಿದುಕೊಂಡೆ.

ಆರ್ಕಿಟೆಕ್ಟ್ ಮೊಬೈಲಿನಲ್ಲಿ ಸಮಯ ನೋಡುತ್ತಿದ್ದ. “ಒಂದು ನಿಮಿಷ ಹತ್ತು ಸೆಕೆಂಡು” ಎಂದ.

ಸಿಸ್ಟರ್ ಸೊಂಟಕ್ಕೆ ಕೈಯಿಟ್ಟುಕೊಂಡು ಉಸಿರು ಬಿಡುತ್ತಿದ್ದರು. “ಬ್ಲೀಡಿಂಗ್ ಶುರುವಾದ್ರೆ ನಿಮಿಷದ ಲೆಕ್ಕ ಇರಲ್ಲಪ್ಪ” ಎಂದು ಅವನಿಗೆ ಹೇಳಿದರು. ಗದರಿಸುವ ದನಿಯಲ್ಲಿ ಅಲ್ಲ, ತಿಳಿಯದವನಿಗೆ ತಿಳಿಸುವ ದನಿಯಲ್ಲಿ. “ಕಣ್ಮುಂದೇನೇ ಬಿಳಿ ಆಗೋಗ್ತಾರೆ. ನಮ್ ಕೈ ಹಿಡ್ಕೊಂಡಿದ್ದೋರು ಹಿಡಿತ ಬಿಟ್ಬಿಡ್ತಾರೆ. ಇನ್ನು ಕರೆಂಟ್ ಹೋಗಿ ಲಿಫ್ಟ್ ನಿಂತ್ರೆ ಕೇಳಲೇಬೇಡಿ.”

ನಾನು ಟ್ರಾಲಿಯಿಂದ ಇಳಿದು ಸೀರೆಗೆ ಮೆತ್ತಿದ ಸುಣ್ಣ ಕೊಡವಿಕೊಂಡೆ. ಅದು ಹೋಗಲಿಲ್ಲ.

ಸೋಮವಾರ ನನ್ನ ಮೇಲಿನ ಕಾರ್ಯಪಾಲಕ ಎಂಜಿನಿಯರ್ ಎದುರು ಮೈದಾನದಲ್ಲಿ ತೆಗೆದಿದ್ದ ಫೋಟೋಗಳನ್ನು ಇಟ್ಟೆ. ಒಳ್ಳೆಯವರು, ಮಾತು ಕಡಿಮೆ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಪೂರ್ತಿ ಕೇಳಿಸಿಕೊಂಡರು.

“ಕೆಲಸ ಶುರುವಾಗ್ಲಿ. ಆಮೇಲೆ ಸಣ್ಣಪುಟ್ಟದ್ದು ಸರಿ ಮಾಡ್ಕೊಳ್ಳೋಣ.”

“ಕಾಲಂನ ಆಮೇಲೆ ಹೇಗೆ ಸರಿಸೋದು ಸಾರ್? ಅದು ಪಾಯದಿಂದಾನೇ ಏಳತ್ತಲ್ಲ.”

“ಡಕ್ಟ್ ಸರಿಸಿ.”

“ಅದಕ್ಕೆ ಮೂರು ಫ್ಲೋರಿನ ಟಾಯ್ಲೆಟ್ಟೂ ಸರೀಬೇಕು. ಆಗಲೂ ಆರೂವರೆ ಅಡಿಗೇ ಬರೋದು. ಲೇಬರ್ ರೂಮ್ ಒಂದು ಕಡೆ, ಥಿಯೇಟರ್ ಒಂದು ಕಡೆ ಅನ್ನೋದು ಹಾಗೇ ಉಳಿಯತ್ತೆ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡಮ್ಮ, ನೀನು ಹೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ನಕ್ಷೆ ವಾಪಸ್ ತಗೊಂಡ್ರೆ ಮಂಜೂರಾತಿ ಹೋಗತ್ತೆ. ಮಂಜೂರಾತಿ ಹೋದ್ರೆ ಟೆಂಡರ್ ಇಲ್ಲ. ಮಾರ್ಚ್ ದಾಟಿದ್ರೆ ಅನುದಾನ ಊರಿನ ಇನ್ನೊಂದು ವಾರ್ಡಿಗೆ ಹೋಗತ್ತೆ. ಆಗ ಆ ಹೆಂಗಸರಿಗೆ ಹೊಸ ಆಸ್ಪತ್ರೆನೂ ಇಲ್ಲ, ಹಳೇದೂ ಇಲ್ಲ. ಯೋಚನೆ ಮಾಡು.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಹೆದರಿಕೊಂಡದ್ದು ಅದಕ್ಕೇ. ಎದುರಿಗಿರುವವರು ಸುಳ್ಳು ಹೇಳುತ್ತಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಸುಲಭ.

ಮುಂದಿನ ಮೂರು ದಿನ ನಾನು ನಕ್ಷೆಯನ್ನು ಮುಟ್ಟದೆ ಸಮಸ್ಯೆ ಬಗೆಹರಿಸುವ ದಾರಿಗಳನ್ನೆಲ್ಲ ಹುಡುಕಿದೆ. ಗಿಡ್ಡ ಟ್ರಾಲಿ ಸಿಗುತ್ತದೆಯೇ ಎಂದು ಆಸ್ಪತ್ರೆ ಸಾಮಾನು ಮಾರುವ ಮೂರು ಅಂಗಡಿಗಳಿಗೆ ಫೋನು ಮಾಡಿದೆ. ಆರಡಿಯದು ಸಿಗುತ್ತದೆ, ಆದರೆ ಅದರಲ್ಲಿ ಕಾಲು ಹೊರಗೆ ಚಾಚುತ್ತದೆ. ಲಿಫ್ಟಿನ ಬಾಗಿಲನ್ನು ಅಗಲ ಮಾಡಬಹುದೇ? ಮಾಡಿದರೆ ಲಿಫ್ಟ್ ಏರಿಳಿಯುವ ಗೂಡು ದೊಡ್ಡದಾಗುತ್ತದೆ, ಮತ್ತೆ ಕಾಲಂ ಅಡ್ಡ. ಮೆಟ್ಟಿಲಿನ ಬದಲು ಇಳಿಜಾರು ದಾರಿ ಹಾಕಿದರೆ? ಅಷ್ಟು ಜಾಗವೇ ಇಲ್ಲ. ಪ್ರತಿಯೊಂದು ದಾರಿಯೂ ಹತ್ತು ನಿಮಿಷ ತೆರೆದುಕೊಂಡು ಮುಚ್ಚಿಹೋಗುತ್ತಿತ್ತು. ಸಾರು ಬಡಿಸುವಾಗ, ಬಟ್ಟೆ ಒಣಗಿಸುವಾಗ ಕೈಬೆರಳು ತಾನಾಗಿ ಗಾಳಿಯಲ್ಲಿ ಒಂದು ಆಯತವನ್ನು ತಿರುಗಿಸುತ್ತಿತ್ತು.

ನನ್ನ ಗಂಡ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕ ನೋಡುವವರು. ಬೆಳಿಗ್ಗೆ ಕಾಫಿ ಕುಡಿಯುವಾಗ ಕೇಳಿದರು: “ನಿಂಗಿಂತ ಮೇಲೆ ಇನ್ನೊಬ್ರು ಸೈನ್ ಹಾಕಿದಾರಲ್ವಾ?”

“ಹಾಕಿದಾರೆ. ನಾನು ನೋಡಿದೀನಿ ಅಂತ ನಂಬಿ ಹಾಕಿದಾರೆ.”

ಅವರು ಎದ್ದು ಇನ್ನೊಂದು ಸಲ ಕಾಫಿ ಮಾಡಿಕೊಟ್ಟರು.

ಗುರುವಾರ ಹಳೆಯ ಆಸ್ಪತ್ರೆಯ ಓಣಿಯಲ್ಲಿ ಮತ್ತೊಂದು ಹಕ್ಕಳೆ ಗಾರೆ ಬಿತ್ತು. ಮಧ್ಯಾಹ್ನದ ಊಟದ ಹೊತ್ತು, ಓಣಿಯಲ್ಲಿ ಯಾರೂ ಇರಲಿಲ್ಲ. ಬಿದ್ದದ್ದು ಬೆಂಚಿನ ಮೇಲೆ. ಐದು ನಿಮಿಷ ಮುಂಚೆ ಅಲ್ಲಿ ಒಬ್ಬ ಅಜ್ಜಿ ಮೊಮ್ಮಗುವನ್ನು ಎತ್ತಿಕೊಂಡು ಕೂತಿದ್ದಳಂತೆ. ಇದನ್ನು ಹೇಳಿದ್ದು ಸಿಸ್ಟರ್. ಅವರಾಗಿಯೇ ಫೋನು ಮಾಡಿದ್ದರು.

“ಮೇಡಂ, ನಾನು ಅವತ್ತು ಕೇಳಿದ್ದು ಬಿಟ್ಬಿಡಿ” ಎಂದರು. “ಡಾಕ್ಟ್ರು ಹೇಳಿದ್ರು, ನೀವು ನಕ್ಷೆ ವಾಪಸ್ ತಗೋತೀರಂತೆ, ಕೆಲಸ ನಿಲ್ಲತ್ತಂತೆ ಅಂತ. ಬೇಡ ಮೇಡಂ. ನಂದು ಬಾಯಿ ಸುಮ್ನಿರಲ್ಲ, ಏನೋ ಕೇಳ್ಬಿಟ್ಟೆ. ಹೇಗೋ ಎತ್ತಿ ತಿರುಗಿಸ್ಕೋತೀವಿ. ಇಲ್ಲೂ ಹಾಗೇ ತಾನೆ ಮಾಡ್ತಿರೋದು? ಥಿಯೇಟರ್ ಬಾಗ್ಲಲ್ಲಿ ಒಂದು ಮೆಟ್ಲಿದೆ, ದಿನಾ ಎತ್ತಿ ಇಳಿಸ್ತೀವಿ. ಬಿಲ್ಡಿಂಗ್ ಮಾತ್ರ ನಿಲ್ಲಿಸ್ಬೇಡಿ.”

ನನಗೆ ನಿರಾಳವಾಗಬೇಕಿತ್ತು. ಒಂದು ಕ್ಷಣ ಆಯಿತು ಕೂಡ, ಅದನ್ನು ಮುಚ್ಚಿಡುವುದಿಲ್ಲ. ಕೇಳಿದವರೇ ಬೇಡ ಎನ್ನುತ್ತಿದ್ದಾರೆ. ಫೋನಿಟ್ಟು ನನ್ನ ಪಾಡಿಗೆ ನಾನಿದ್ದುಬಿಡಬಹುದು. ಇಟ್ಟೆ. ಆದರೆ ಮೇಜಿನಿಂದ ಏಳಲಾಗಲಿಲ್ಲ.

ಹೇಗೋ ಎತ್ತಿ ತಿರುಗಿಸ್ಕೋತೀವಿ. ಆ ಥಿಯೇಟರಿನ ಬಾಗಿಲ ಮೆಟ್ಟಿಲನ್ನು ನಾನು ಎಷ್ಟೋ ಸಲ ದಾಟಿದ್ದೆ. ಅದನ್ನೂ ಯಾರೋ ಒಬ್ಬ ಎಂಜಿನಿಯರ್ ಪರಿಶೀಲಿಸಿರಬೇಕು, ಊಟಕ್ಕೆ ಮೊದಲು. ಆತ ಯಾವಾಗಲೋ ನಿವೃತ್ತನಾಗಿ ಹೋದ. ಆ ಮೆಟ್ಟಿಲಿನ ಮೇಲೆ ದಿನವೂ ಭಾರ ಎತ್ತುತ್ತಾ ಬಂದವರು ಸಿಸ್ಟರ್, ಆಯಾ. ನನ್ನ ಐದು ಅಡಿಯ ಮುಂದೆ ನಿಂತು ಇನ್ನು ಮೂವತ್ತು ವರ್ಷ, ನಲವತ್ತು ವರ್ಷ ಯಾರೋ ಇಬ್ಬರು ಹೆಂಗಸರು ಒಬ್ಬ ಬಸುರಿಯನ್ನು ಎತ್ತಿ ತಿರುಗಿಸುತ್ತಾರೆ. ಅವರಿಗೆ ನನ್ನ ಹೆಸರೂ ಗೊತ್ತಿರುವುದಿಲ್ಲ. ಒಂದು ದಿನ ತಡವಾಗುತ್ತದೆ. ಅದನ್ನು ಯಾರೂ ನಕ್ಷೆಯ ತಪ್ಪು ಎಂದು ಬರೆಯುವುದಿಲ್ಲ.

ಅವತ್ತೇ ಸಂಜೆ ಕಡತ ತರಿಸಿ ಟಿಪ್ಪಣಿ ಬರೆದೆ. ಒಂದೂವರೆ ಪುಟ. ಅಳತೆಗಳು, ಮೈದಾನದಲ್ಲಿ ನೋಡಿದ್ದು, ಪಾಯ ಹಾಕಿದ ಮೇಲೆ ಸರಿಪಡಿಸಲಾಗದು ಎಂಬ ವಿವರ, ನಕ್ಷೆಯನ್ನು ಹಿಂಪಡೆಯಲು ಕೋರಿಕೆ. ಪರಿಷ್ಕೃತ ನಕ್ಷೆಯನ್ನು ಎರಡು ವಾರದೊಳಗೆ ಸಲ್ಲಿಸುತ್ತೇನೆ ಎಂದೂ ಬರೆದೆ. ಸಾಧ್ಯವೋ ಇಲ್ಲವೋ ಗೊತ್ತಿರಲಿಲ್ಲ. ಕೊನೆಯಲ್ಲಿ ಒಂದು ಸಾಲು: ‘ಪರಿಶೀಲನೆಯ ಹಂತದಲ್ಲೇ ಇದು ನನ್ನ ಗಮನಕ್ಕೆ ಬರಬೇಕಿತ್ತು, ಬರಲಿಲ್ಲ.’

ಕಾರ್ಯಪಾಲಕ ಎಂಜಿನಿಯರ್ ಅದನ್ನು ಎರಡು ಸಲ ಓದಿದರು.

“ಈ ಕೊನೇ ಸಾಲು ಬೇಕಾ?”

“ಇಲ್ಲದಿದ್ರೆ ಎಲ್ಲಾ ಆ ಆರ್ಕಿಟೆಕ್ಟ್ ಹುಡುಗನ ತಲೆ ಮೇಲೆ ಹೋಗತ್ತೆ ಸಾರ್.”

ಅವರು ತಮ್ಮ ಅಭಿಪ್ರಾಯ ಏನೂ ಬರೆಯದೆ, ‘ಸಲ್ಲಿಸಿದೆ’ ಎಂದಷ್ಟೇ ಬರೆದು ಸಹಿ ಮಾಡಿ ಮೇಲಕ್ಕೆ ಕಳಿಸಿದರು. ನನಗೆ ಅವರ ಮೇಲೆ ಕೋಪ ಬಂತು.

ಸಭೆ ಕರೆದದ್ದು ನಾಲ್ಕನೆಯ ದಿನ. ಮಂಜೂರಾತಿ ಕೊಟ್ಟ ಹಿರಿಯ ಅಧಿಕಾರಿ ಮೇಜಿನ ತುದಿಯಲ್ಲಿ ಕೂತಿದ್ದರು. ನಾನು ಮಾತು ಶುರು ಮಾಡಿ ಎರಡು ನಿಮಿಷವಾಗಿರಲಿಲ್ಲ, ಕೈಯೆತ್ತಿ ನಿಲ್ಲಿಸಿದರು.

“ಇದು ನಿಮ್ಮ ಸೈನ್ ಅಲ್ವಾ?”

“ಹೌದು ಸಾರ್.”

“ಆಗ ಯಾಕೆ ನೋಡ್ಲಿಲ್ಲ?”

ತಯಾರು ಮಾಡಿಕೊಂಡಿದ್ದ ಉತ್ತರಗಳೆಲ್ಲ ಇದ್ದವು. ಕೆಲಸದ ಒತ್ತಡ, ಕರಡು ಕೊನೆಯ ಗಳಿಗೆಯಲ್ಲಿ ಬದಲಾದದ್ದು, ನಿಯಮದ ಪ್ರಕಾರ ಎಂಟಡಿ ಇದ್ದದ್ದು. ಬಾಯಿಗೆ ಬಂದದ್ದು ಬೇರೆ. “ರೂಲ್‌ಗೆ ಸರಿ ಇದೆಯಾ ಅಂತ ನೋಡ್ದೆ ಸಾರ್. ಟ್ರಾಲಿ ಹೋಗತ್ತಾ ಅಂತ ನೋಡ್ಲಿಲ್ಲ.”

ಅವರು ವೈದ್ಯಾಧಿಕಾರಿಯ ಕಡೆ ತಿರುಗಿ, “ನಿಮ್ಗೆ ಇದು ಓಕೆನಾ, ಹೀಗೇ ಕಟ್ಟಿದ್ರೆ?” ಎಂದು ಕೇಳಿದರು. ಡಾಕ್ಟರು ಮೇಜನ್ನು ನೋಡುತ್ತಾ, “ಕಟ್ಟಡ ಬೇಕು ಸಾರ್. ಆದ್ರೆ ಥಿಯೇಟರ್ ಪಕ್ಕದಲ್ಲಿದ್ರೆ ನಾನು ಧೈರ್ಯವಾಗಿ ಕೇಸ್ ತಗೋತೀನಿ. ಇಲ್ಲಾಂದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತಾನೇ ಇರ್ತೀನಿ” ಎಂದರು.

ನಕ್ಷೆ ಹಿಂದಕ್ಕೆ ಬಂತು. ಎರಡು ವಾರ ಗಡುವು. ಗುದ್ದಲಿ ಪೂಜೆ ಮುಂದಕ್ಕೆ. ನನಗೆ ಕಾರಣ ಕೇಳಿ ನೋಟಿಸ್ ಕೊಡಲು ಅಲ್ಲೇ ಸೂಚನೆಯಾಯಿತು.

ಎರಡು ವಾರದಲ್ಲಿ ಮೊದಲ ಎರಡು ದಿನ ವ್ಯರ್ಥವಾದವು. ಹೆರಿಗೆ ಕೋಣೆಯನ್ನೂ ಥಿಯೇಟರನ್ನೂ ಒಂದೇ ಮಹಡಿಗೆ ತರಬೇಕಾದರೆ ಸಭಾಂಗಣ ಹೋಗಬೇಕು. ಅದನ್ನು ತೆಗೆಯುತ್ತೇವೆಂದು ಜನಪ್ರತಿನಿಧಿಯ ಕಚೇರಿಗೆ ಹೇಳುವವರು ಯಾರು? ಪತ್ರ ಬರೆದರೆ ಉತ್ತರ ಬರಲು ತಿಂಗಳಾಗುತ್ತದೆ. ಮೂರನೆಯ ದಿನ ಬೆಳಿಗ್ಗೆ ಕಾರ್ಯಪಾಲಕ ಎಂಜಿನಿಯರ್ ಕಚೇರಿಯಲ್ಲಿ ಇರಲಿಲ್ಲ. ಮಧ್ಯಾಹ್ನ ಬಂದವರು ನನ್ನ ಮೇಜಿನ ಹತ್ತಿರ ನಿಂತರು.

“ಹಾಲ್‌ನ ಮೇಲಕ್ಕೆ ಹಾಕಿ. ತಾರಸಿ ಮೇಲೆ ಶೀಟಿನದ್ದಾದ್ರೂ ಪರವಾಗಿಲ್ಲ ಅಂದ್ರು.”

“ನೀವೇ ಹೋಗಿದ್ರಾ ಸಾರ್?”

“ಮೂರು ಗಂಟೆ ಕೂರಿಸಿದ್ರು” ಎಂದರು. “ಫೋಟೋ ತೋರಿಸ್ದೆ. ನೀನು ಟ್ರಾಲಿ ಮೇಲೆ ಕಂಬಿ ಹಿಡ್ಕೊಂಡು ಮಲಗಿರೋದು.” ಅಷ್ಟು ಹೇಳಿ ತಮ್ಮ ಕೋಣೆಗೆ ಹೋದರು. ಅವರ ಮೇಲೆ ಇಟ್ಟುಕೊಂಡಿದ್ದ ಕೋಪವನ್ನು ಏನು ಮಾಡಬೇಕೆಂದು ನನಗೆ ತೋಚಲಿಲ್ಲ.

ಉಳಿದ ಹನ್ನೊಂದು ದಿನ ಆರ್ಕಿಟೆಕ್ಟ್ ನಮ್ಮ ಕಚೇರಿಯ ಮೂಲೆಯಲ್ಲೇ ಕೂತು ಗೀಚಿದ. ಸಭಾಂಗಣ ತಾರಸಿಗೆ ಹೋದ ಕೂಡಲೇ ಕಾಲಂಗಳು ಓಣಿಯಿಂದ ಗೋಡೆಯೊಳಕ್ಕೆ ಸರಿದವು. ಡಕ್ಟ್ ಕಟ್ಟಡದ ಹಿಂಬದಿಗೆ ಹೋಯಿತು. ಹೆರಿಗೆ ಕೋಣೆ, ಥಿಯೇಟರ್ ಎರಡೂ ಮೊದಲ ಮಹಡಿಯಲ್ಲಿ, ನಡುವೆ ಆರಡಿ ಅಗಲದ ಎರಡು ರೆಕ್ಕೆಯ ಬಾಗಿಲು. ನಷ್ಟವೂ ಆಯಿತು. ತಾರಸಿಯ ಸಭಾಂಗಣದ ಭಾರ ಹೊರುವ ದಪ್ಪ ಕಾಲಂಗಳಿಗೆ, ಓಣಿಯ ಅಗಲಕ್ಕೆ ಜಾಗ ಬಿಟ್ಟುಕೊಟ್ಟು ಮೂವತ್ತು ಹಾಸಿಗೆ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಆರು ಹಾಸಿಗೆ ಎಂದರೆ ದಿನಕ್ಕೆ ಆರು ಹೆಂಗಸರು. ಅವರು ಮತ್ತೆ ದೊಡ್ಡಾಸ್ಪತ್ರೆಯ ಸಾಲಿಗೇ ಹೋಗಬೇಕು. ಪ್ರತಿ ಸಂಜೆ ಹಾಳೆಯನ್ನು ಆಸ್ಪತ್ರೆಗೆ ಒಯ್ದು ಸಿಸ್ಟರ್ ಮುಂದೆ ಹರಡುತ್ತಿದ್ದೆ. ಮೊದಲ ದಿನ ಅವರು ಮಾತಾಡಲು ಹಿಂಜರಿದರು. ತಮ್ಮಿಂದ ಇಷ್ಟೆಲ್ಲ ಆಯಿತೆಂಬ ಅಳುಕು. ಮೂರನೆಯ ದಿನದ ಹೊತ್ತಿಗೆ ನನ್ನ ಪೆನ್ನನ್ನು ಅವರೇ ಕಿತ್ತುಕೊಂಡು ಗುರುತು ಹಾಕುತ್ತಿದ್ದರು.

ಮಂಜೂರಾತಿ ಮಾರ್ಚ್ ಕೊನೆಯ ವಾರದಲ್ಲಿ ಸಿಕ್ಕಿತು. ಅನುದಾನ ಉಳಿಯಿತೆಂದು ಗೊತ್ತಾದ ದಿನ ನಾನು ಕಚೇರಿಯ ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ಬಂದೆ. ಪೂಜೆಯ ದಿನ ಕೊನೆಯ ಸಾಲಿನಲ್ಲಿದ್ದೆ. ನೋಟಿಸಿಗೆ ಉತ್ತರವನ್ನು ಮೂರು ಸಲ ಬರೆದು ಹರಿದು, ನಾಲ್ಕನೆಯದನ್ನು ಕೊಟ್ಟೆ. ಅದರ ತೀರ್ಮಾನ ಇನ್ನೂ ಆಗಿಲ್ಲ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ವಿಚಾರಣೆ ಬಾಕಿ’ ಎಂದಿದೆ. ಸರಿಯಾದದ್ದು ಮಾಡಿದರೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ.

ಈಗ ಮೊದಲ ಮಹಡಿಯ ನೆಲಕ್ಕೆ ಕಾಂಕ್ರೀಟು ಬಿದ್ದು ಅಲ್ಲಿನ ಗೋಡೆಗಳು ಕಿಟಕಿಯ ಮಟ್ಟ ದಾಟಿವೆ. ಹೋದ ವಾರ ಸಿಸ್ಟರ್ ನೋಡಲು ಬಂದಿದ್ದರು. ಕಟ್ಟಡ ತೆರೆಯುವ ಹೊತ್ತಿಗೆ ಅವರು ನಿವೃತ್ತರಾಗಿರುತ್ತಾರೆ. ಇಲ್ಲಿ ಒಂದು ದಿನವೂ ಕೆಲಸ ಮಾಡುವುದಿಲ್ಲ. ಸಿಮೆಂಟಿನ ಧೂಳಿನಲ್ಲಿ ಸೆರಗು ಎತ್ತಿ ಹಿಡಿದು, ಹೆರಿಗೆ ಕೋಣೆಯ ನಡುವಿನಿಂದ ಥಿಯೇಟರಿನ ನಡುವಿನವರೆಗೆ ಹೆಜ್ಜೆ ಎಣಿಸುತ್ತಾ ನಡೆದರು.

“ಹದಿನಾಲ್ಕು” ಎಂದರು. ಆಮೇಲೆ ಅವರು ಸುತ್ತ ಕಣ್ಣಾಡಿಸಿದರು.

“ಮೇಡಂ, ಡಾಕ್ಟ್ರು ಕೈ ತೊಳಿಯೋ ಸಿಂಕ್ ಎಲ್ಲಿ ಬರತ್ತೆ?”

“ಅಲ್ಲಿ, ಆ ಬಾಗಿಲ ಪಕ್ಕ.”

“ಬಾಗ್ಲು ಒಳಗಡೆಗೆ ತೆಗಿಯತ್ತೋ ಹೊರಗಡೆಗೋ?”

ನಕ್ಷೆಯನ್ನು ಬಿಡಿಸಿ ಇಟ್ಟಿಗೆಯ ರಾಶಿಯ ಮೇಲೆ ಹರಡಿದೆ. ಒಳಗಡೆಗೆ. ತೆರೆದರೆ ಸಿಂಕು ಪೂರ್ತಿ ಬಾಗಿಲ ಹಿಂದೆ ಮರೆಯಾಗುತ್ತದೆ. ಕೈ ತೊಳೆಯುತ್ತಿರುವವರ ಬೆನ್ನಿಗೆ ಬಾಗಿಲು ಬಡಿಯುತ್ತದೆ. ಪರಿಶೀಲಿಸಿದವರು ಎಂಬುದರ ಮುಂದೆ ಮತ್ತೆ ನನ್ನದೇ ಸಹಿ.

“ಪೈಪ್ ಹಾಕೋಕೆ ಪ್ಲಂಬರ್ ಯಾವಾಗ ಬರ್ತಾನೆ?” ಎಂದು ಸಿಸ್ಟರ್ ಕೇಳಿದರು.

“ಸೋಮವಾರ.”

“ಹಂಗಾದ್ರೆ ಟೈಮಿದೆ” ಎಂದು ಹೇಳಿ ಕನ್ನಡಕ ಏರಿಸಿಕೊಂಡು ನನ್ನ ಪಕ್ಕದಲ್ಲಿ ಬಗ್ಗಿದರು. ನಾನು ಬ್ಯಾಗಿನೊಳಗೆ ಕೈಹಾಕಿ ಪೆನ್ಸಿಲ್ ಹುಡುಕಿದೆ.